ಬಾರದ ಕಾರ್ಖಾನೆ, ಬಿಡದ ಡ್ರಮ್ಮು

ಹಳೆಯ ಮೋಟಾರು ಕಾರಿನ ಬ್ರೇಕ್ ಡ್ರಮ್ಮು ಕಚ್ಚಿಕೊಂಡರೆ ಅದನ್ನು ಬಿಡಿಸುವುದು ಹೇಗೆ ಎಂಬುದು ಭಾನುವಾರದ ಪುರವಣಿಯಲ್ಲಿ ಬರೆಯತಕ್ಕ ವಿಷಯವೇ ಎಂದು ಓದುಗರು ಕೇಳಬಹುದು. ಶಾಸನ, ವೀರಗಲ್ಲು, ಕೈಫಿಯತ್ತುಗಳಿಗೆ ಮೀಸಲಾದ ಜಾಗದಲ್ಲಿ ಗ್ರೀಸು ಹತ್ತಿದ ಕೈಗಳಿಗೆ ಏನು ಕೆಲಸ? ಕೆಲಸವಿದೆ ಎಂದೇ ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಇಂದಿಗೂ ಉಳಿದಿರುವ ಕೆಲವು ಡಾಜ್, ಪ್ಲಿಮತ್, ಡಿಸೋಟೊ ಕಾರುಗಳ ಹಿಂಚಕ್ರದ ಡ್ರಮ್ಮು ಅಷ್ಟು ಬಿಗಿಯಾಗಿ ಕೂತಿರುವುದಕ್ಕೂ, ಆ ಕಾರುಗಳು ಮುಂಬಯಿಯಲ್ಲಿ ಜೋಡಣೆಯಾದುದಕ್ಕೂ, ನಮ್ಮ ಊರಿನಲ್ಲಿ ಕಾರಿನ ಕಾರ್ಖಾನೆ ಆಗದೆ ವಿಮಾನದ ಕಾರ್ಖಾನೆ ಆದುದಕ್ಕೂ ಒಂದೇ ಎಳೆಯ ಸಂಬಂಧವಿದೆ. ಆ ಎಳೆಯನ್ನು ಹಿಡಿಯಬೇಕಾದರೆ ಮೊದಲು ಡ್ರಮ್ಮಿನ ವಿಚಾರ ಸ್ವಲ್ಪ ತಿಳಿದಿರಬೇಕು.

ಡ್ರಮ್ಮು ಎಂದರೆ ಚಕ್ರದ ಒಳಮಗ್ಗುಲಲ್ಲಿ ಚಕ್ರದೊಡನೆಯೇ ತಿರುಗುವ ಒಂದು ಎರಕದ ಕಬ್ಬಿಣದ ಬೋಗುಣಿ. ಅದರ ಹೊಟ್ಟೆಯೊಳಗೆ ಅರ್ಧಚಂದ್ರದ ಆಕಾರದ ಎರಡು ಶೂಗಳು ತಿರುಗದೆ ನಿಂತಿರುತ್ತವೆ. ಪೆಡಲು ತುಳಿದಾಗ ಈ ಶೂಗಳು ಅಗಲಿ ಬೋಗುಣಿಯ ಒಳಗೋಡೆಗೆ ಒತ್ತಿಕೊಳ್ಳುತ್ತವೆ. ತಿಕ್ಕಾಟಕ್ಕೆ ಚಕ್ರ ನಿಲ್ಲುತ್ತದೆ. ಮೊದಮೊದಲು ಡ್ರಮ್ಮಿನ ಹೊರಗಡೆ ಪಟ್ಟಿ ಸುತ್ತಿ ಬಿಗಿಯುವ ಕ್ರಮವಿತ್ತು. ಆ ಪಟ್ಟಿಗೆ ಕೆಸರು, ನೀರು, ಧೂಳು ಎಲ್ಲ ತಗುಲಿ, ಮಳೆಗಾಲದಲ್ಲಿ ನಿಲ್ಲಬೇಕಾದ ಕಡೆ ಕಾರು ನಿಲ್ಲುತ್ತಿರಲಿಲ್ಲ. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಶೂಗಳನ್ನು ಡ್ರಮ್ಮಿನ ಒಳಕ್ಕೆ ಸೇರಿಸಿದ. ಕೆಸರಿನ ಕಾಟ ತಪ್ಪಿತು. ಆದರೆ ಒಳಗೆ ಏನು ನಡೆದಿದೆ ಎಂಬುದು ಹೊರಗಿನವರ ಕಣ್ಣಿಗೆ ಕಾಣದಂತಾಯಿತು. ನೋಡಬೇಕಾದರೆ ಡ್ರಮ್ಮನ್ನು ತೆಗೆಯಲೇಬೇಕು. ಅದು ಬರಬೇಕಲ್ಲ!

ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸಲು ಮೊದಲು ಸರಳುಗಳೂ ತಂತಿಗಳೂ ಇದ್ದುವು. ನಾಲ್ಕು ಚಕ್ರಕ್ಕೂ ಸಮನಾಗಿ ಎಳೆಯುವಂತೆ ಅವುಗಳನ್ನು ಹದಗೊಳಿಸುವುದು ತಂಬೂರಿಯ ನಾಲ್ಕು ತಂತಿಗಳನ್ನು ಶ್ರುತಿ ಮಾಡಿದಂತೆಯೇ ಸರಿ. ಈ ಕಡೆ ಬಿಗಿಯಾದರೆ ಆ ಕಡೆ ಸಡಿಲ. ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಎಂಬಾತ ತಂತಿಗೆ ಬದಲಾಗಿ ಸಣ್ಣ ಕೊಳವೆಯಲ್ಲಿ ದ್ರವ ತುಂಬಿ, ಆ ದ್ರವದ ಮೂಲಕ ಒತ್ತಡವನ್ನು ಸಾಗಿಸುವ ಉಪಾಯವನ್ನು 1917ರ ವೇಳೆಗೆ ರೂಪಿಸಿದ. ಮುಚ್ಚಿದ ಪಾತ್ರೆಯ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿಯೇ ತೋರಿಸಿದ್ದ ಮಾತು ಹೀಗೆ ಕಾರಿನ ಚಕ್ರಕ್ಕೆ ಬಂದಿತು. ಆರಂಭದ ದಿನಗಳಲ್ಲಿ ಈ ದ್ರವಕ್ಕೆ ಹರಳೆಣ್ಣೆಯನ್ನು ಮದ್ಯಸಾರದೊಡನೆ ಬೆರೆಸಿ ಬಳಸುತ್ತಿದ್ದರು. ಮಕ್ಕಳ ಹೊಟ್ಟೆಗೆ ಹಾಕುತ್ತಿದ್ದ ಎಣ್ಣೆ ಕಾರಿನ ಹೊಟ್ಟೆಗೂ ಹೋಯಿತೆಂದು ಇಟ್ಟುಕೊಳ್ಳೋಣ. ಈ ಮಾಲ್ಕಮನೂ ಅವನ ತಮ್ಮ ಅಲನ್ನನೂ 1916ರಲ್ಲಿ ವಿಮಾನ ಕಟ್ಟುವ ಕಂಪೆನಿ ತೆರೆದಿದ್ದವರು. ಲಾಕ್‌ಹೀಡ್ ಎಂಬ ವಿಮಾನದ ಹೆಸರಿಗೂ ಲಾಕ್‌ಹೀಡ್ ಎಂಬ ಬ್ರೇಕಿನ ಹೆಸರಿಗೂ ಮೂಲ ಒಂದೇ ಮನೆ. 1919ರಲ್ಲಿ ಅಣ್ಣ ವಿಮಾನ ಬಿಟ್ಟು ಬ್ರೇಕು ಹಿಡಿದ.

ಆತನ ಬ್ರೇಕನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ನಂಬಿದವನು ವಾಲ್ಟರ್ ಕ್ರೈಸ್ಲರ್. 1924ರಲ್ಲಿ ತನ್ನ ಹೆಸರಿನ ಮೊದಲ ಕಾರಿಗೆ ನಾಲ್ಕೂ ಚಕ್ರಗಳಲ್ಲಿ ದ್ರವದ ಬ್ರೇಕು ಹಾಕಿದ. ಅವನ ಎಂಜಿನಿಯರುಗಳು ಸೋರುತ್ತಿದ್ದ ತೊಗಲಿನ ಬಟ್ಟಲುಗಳನ್ನು ತೆಗೆದು ರಬ್ಬರಿನ ಬಟ್ಟಲುಗಳನ್ನು ಇಟ್ಟರು. 1928ರಲ್ಲಿ ಬಂದ ಅಗ್ಗದ ಪ್ಲಿಮತ್ ಕಾರಿಗೂ ಅದೇ ಬ್ರೇಕು. ಹೆನ್ರಿ ಫೋರ್ಡನಾದರೋ ಉಕ್ಕಿನ ಸರಳನ್ನು ಬಿಡಲೊಪ್ಪದೆ 1939ರ ಮಾದರಿಯವರೆಗೆ ಕಾಯಿಸಿದ. ಈ ಇಬ್ಬರು ಕಾರು ತಯಾರಕರ ಹೆಸರು ಮುಂದೆ ನಮ್ಮ ಕಥೆಯಲ್ಲಿಯೂ ಬರುತ್ತದೆ.

ಇನ್ನು ಮೈಸೂರಿನ ಮಾತು. ದಿವಾನಗಿರಿ ಬಿಟ್ಟು ಹದಿನೈದು ವರ್ಷವಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರಿನ ಕೈಗಾರಿಕೆ ಸ್ಥಾಪನೆಯಾಗಬೇಕೆಂಬ ಹಟ ತೊಟ್ಟರು. 1935ರ ಸುಮಾರಿನಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿಯ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ, ಲೆಕ್ಕಪತ್ರ ಸಮೇತ ಯೋಜನೆ ಸಿದ್ಧಪಡಿಸಿಕೊಂಡು ಬಂದರು. ಮುಂಬಯಿಯ ಉದ್ಯಮಿಗಳನ್ನು ಕಲೆಹಾಕಿದರು. ಅವರಲ್ಲಿ ಮುಂದೆ ನಿಂತವರು ಹಡಗಿನ ವ್ಯವಹಾರದಲ್ಲಿ ಆಗಲೇ ಹೆಸರಾಗಿದ್ದ ವಾಲಚಂದ್ ಹೀರಾಚಂದರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಸರಕಾರ ನೆರವಿನ ಮಾತು ಕೊಟ್ಟಿತು. 1939ರಲ್ಲಿ ಯುದ್ಧ ಆರಂಭವಾಗಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಾಗ ಆ ಮಾತೂ ಅದರೊಡನೆ ಹೋಯಿತು. ದಿಲ್ಲಿಯ ಭಾರತ ಸರಕಾರಕ್ಕೆ ಮೊದಲಿನಿಂದಲೂ ಈ ಯೋಜನೆಯಲ್ಲಿ ಆಸಕ್ತಿ ಇರಲಿಲ್ಲ.

ಅದೇ 1939ರಲ್ಲಿ ವಾಲಚಂದರು ಅಮೆರಿಕಕ್ಕೆ ಹೋದರು. ಫೋರ್ಡ್ ಜತೆಯ ಮಾತುಕತೆ ಕೈಗೂಡಲಿಲ್ಲ. ಕ್ರೈಸ್ಲರ್ ಕಂಪೆನಿ ಒಪ್ಪಿತು. ಕಾರ್ಖಾನೆ ಎಲ್ಲಿ ಎಂಬುದಷ್ಟೇ ಉಳಿದ ಪ್ರಶ್ನೆ. ಬೆಂಗಳೂರಿನಲ್ಲಿ ಆಗಲಿ ಎಂದರು ವಿಶ್ವೇಶ್ವರಯ್ಯನವರು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಸಾಹೇಬರು ಕೈಗಾರಿಕೆ ಎಂದರೆ ಊಟ ಬಿಟ್ಟು ಏಳುವವರು. ಸಂಸ್ಥಾನದ ಬೊಕ್ಕಸದಿಂದ ಪಾಲು ಹಾಕಲು ಸಿದ್ಧರಾದರು. ಸಂಸ್ಥಾನದ ಕೈ ಮುಂದಾದರೂ ಅದನ್ನು ಹಿಡಿದುಕೊಳ್ಳಲು ರೆಸಿಡೆಂಟರಿದ್ದರಲ್ಲ! ಅವರ ಮೂಲಕ ಭಾರತ ಸರಕಾರ ಅಡ್ಡಗಾಲು ಹಾಕಿತು. ಸಂಸ್ಥಾನ ಈ ಉದ್ಯಮದಲ್ಲಿ ಪಾಲುಗೊಳ್ಳಲು ಸಮ್ಮತಿ ದೊರೆಯಲಿಲ್ಲ. ಈ ನಿರಾಶೆಯನ್ನು ವಿಶ್ವೇಶ್ವರಯ್ಯನವರು 1951ರಲ್ಲಿ ಹೊರಬಂದ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಅವರು ದನಿಯೇರಿಸಿ ಬರೆಯುವವರಲ್ಲ. ಅಂಕಿ ಅಂಶ ಕೊಟ್ಟು ಸುಮ್ಮನಾಗುತ್ತಾರೆ. ಓದಿದವರಿಗೆ ಮಾತ್ರ ಹೊಟ್ಟೆ ಉರಿಯುತ್ತದೆ.

ವಿನೋದವೆಂದರೆ, ಅಮೆರಿಕದಿಂದ ಹಿಂದಿರುಗುವಾಗ ಪೆಸಿಫಿಕ್ ಸಾಗರವನ್ನು ದಾಟುವ ವಿಮಾನದಲ್ಲಿ ವಾಲಚಂದರಿಗೆ ವಿಲಿಯಂ ಪಾಲೀ ಎಂಬ ಸಹಪ್ರಯಾಣಿಕ ಸಿಕ್ಕಿದ್ದ. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ ಆಸಾಮಿ ಅವನು. ಕಾರಿನ ಕನಸು ಹೊತ್ತು ಹೊರಟವರ ತಲೆಯಲ್ಲಿ ಇಳಿಯುವ ಹೊತ್ತಿಗೆ ವಿಮಾನವೂ ಸೇರಿಕೊಂಡಿತ್ತು. ಕಾರಿಗೆ ಬೇಡವೆಂದ ಸರಕಾರ ಯುದ್ಧದ ಒತ್ತಡದಲ್ಲಿ ವಿಮಾನಕ್ಕೆ ಹೂಂ ಎಂದಿತು. ಮೈಸೂರು ಸಂಸ್ಥಾನ ನೆಲ ಕೊಟ್ಟು ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನ ಪೂರ್ವಕ್ಕೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಹುಟ್ಟಿತು. 1941ರಲ್ಲಿ ಮೊದಲ ತರಬೇತಿ ವಿಮಾನ ಹಾರಿತು. ಮುಂದಿನ ವರ್ಷ ಭಾರತ ಸರಕಾರ ಅದರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಿಂದ ಯುದ್ಧ ಮುಗಿಯುವ ತನಕ ಅಲ್ಲಿ ಅಮೆರಿಕದ ಸೇನೆಯ ವಿಮಾನಗಳ ದುರಸ್ತಿ ನಡೆಯಿತು. ಹಲಸೂರು, ಮಾರತಹಳ್ಳಿ, ಕೃಷ್ಣರಾಜಪುರದ ಕಡೆಯ ರೈತರ ಮಕ್ಕಳು, ದಂಡಿನ ಪ್ರದೇಶದ ತಮಿಳು, ಉರ್ದು ಮನೆಮಾತಿನ ಹುಡುಗರು ಒಂದು ಅಂಗುಲವನ್ನು ಸಾವಿರ ಭಾಗ ಮಾಡಿ ಅಳೆಯಬಹುದೆಂಬುದನ್ನು ಕಲಿತದ್ದು ಅಲ್ಲಿ. ಅಂಥ ಕಡೆ ಹತ್ತು ವರ್ಷ ದುಡಿದ ಕೈ ಸುತ್ತಿಗೆಯನ್ನು ಹಿಡಿಯುವ ರೀತಿಯೇ ಬೇರೆ.

ಕಾರಿನ ಯೋಜನೆ ಸಾಯಲಿಲ್ಲ, ಊರು ಬದಲಾಯಿಸಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ಕಂಪೆನಿ ನೋಂದಣಿಯಾಗಿ, ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ ವಾಹನಗಳು ಹೊರಬರತೊಡಗಿದುವು. ಡಾಜ್, ಪ್ಲಿಮತ್, ಡಿಸೋಟೊ ಎಂದು ಹೆಸರು ಮೂರಾದರೂ ಮೂಲ ಕ್ರೈಸ್ಲರ್ ಒಂದೇ. ಬಿರ್ಲಾರವರ ಹಿಂದೂಸ್ಥಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ 1948ರಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾಡಕ್ಕೆ ಹೋಯಿತು. ವಾಲಚಂದರು 1953ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ತಯಾರಾಗಬೇಕಾಗಿದ್ದ ಕಾರು ಮುಂಬಯಿಯಿಂದ ಬಂದು ಬೆಂಗಳೂರಿನ ಡಾಕ್ಟರು, ವಕೀಲರು, ಕಾಫಿ ತೋಟದ ಒಡೆಯರ ಪೋರ್ಟಿಕೋಗಳಲ್ಲಿ ನಿಂತಿತು.

ಹೊರಮಾವಿನ ಕಾರು ಹೀಗೆ ಬಂದವುಗಳಲ್ಲಿ ಒಂದು. 1950ರ ದಶಕದ ಮೊದಲ ಭಾಗದ ಡಾಜ್ ಕಿಂಗ್ಸ್‌ವೇ. ಈಗಿನ ಒಡೆಯರಿಗೆ ಇದು ಮೂರನೆಯ ತಲೆಮಾರಿನ ಆಸ್ತಿ. ದಂಡು ಪ್ರದೇಶದ ಹೆಂಚಿನ ಬಂಗಲೆಗಳಿಗೆ ಕಾರು ಷೆಡ್ಡೆಂಬುದು ಇರುತ್ತಿತ್ತು. ಬಂಗಲೆ ಒಡೆದು ಅಂತಸ್ತುಗಳೆದ್ದಾಗ ಮನುಷ್ಯರಿಗೆ ಫ್ಲಾಟು ಸಿಕ್ಕಿತು, ಕಾರಿಗೆ ಸಿಕ್ಕಲಿಲ್ಲ. ನಾನು ಕಂಡಂತೆ ಕೆಲವು ಹಳೆಯ ಕಾರುಗಳು ಹೀಗೆ ಊರಿನ ಪೂರ್ವದ ಅಂಚಿಗೆ ಸರಿದುವು. ಹೊರಮಾವು ಎಂಬ ಹೆಸರು ಕೇಳಿದರೆ ಊರ ಹೊರಗಿನ ಯಾವುದೋ ಮಾವಿನ ತೋಪು ಕಣ್ಣಿಗೆ ಕಟ್ಟುತ್ತದೆ. ಹೆಸರಿನ ನಿಜವಾದ ಮೂಲವನ್ನು ಸ್ಥಳನಾಮಗಳ ಪಂಡಿತರಿಗೆ ಬಿಟ್ಟಿದ್ದೇನೆ. ಈಗ ಹೊರ ವರ್ತುಲ ರಸ್ತೆ ಮಗ್ಗುಲಲ್ಲೇ ಹಾದು, ಸುತ್ತಲೂ ಬಹುಮಹಡಿಗಳು ಎದ್ದಿವೆ. ಒಂದು ದಿಕ್ಕಿಗೆ 1948ರಲ್ಲಿ ಆರಂಭವಾದ ಟೆಲಿಫೋನ್ ಕಾರ್ಖಾನೆಯ ದೂರವಾಣಿನಗರ, ಇನ್ನಷ್ಟು ಆಚೆಗೆ ವಿಮಾನಪುರ. ಈ ಎರಡು ಕಾರ್ಖಾನೆಗಳಲ್ಲಿ ದುಡಿದವರ ಮನೆಗಳು ಈ ಸುತ್ತಿನಲ್ಲಿ ಬೇಕಾದಷ್ಟಿವೆ. ನಾನು ಹೇಳಲಿರುವ ಮೇಸ್ತ್ರಿಯೂ ಅಂಥ ಮನೆಯವನೇ. ತಂದೆ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರು, ಮಗ ಶಿವಾಜಿನಗರದ ಗ್ಯಾರೇಜುಗಳಲ್ಲಿ ಪಳಗಿದವನು.

ಕಾರು ಹಲವು ವರ್ಷ ನಿಂತಲ್ಲೇ ನಿಂತಿತ್ತು. ಎಡಗಡೆಯ ಹಿಂಚಕ್ರ ಅಲುಗದು. ಇದಕ್ಕೆ ಕಾರಣ ಎರಡು, ಎರಡೂ ಬೇರೆ ಬೇರೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ವರ್ಷಗಟ್ಟಲೆ ಬದಲಾಯಿಸದಿದ್ದರೆ ಅದರಲ್ಲಿ ಸೇರಿದ ನೀರು ಚಕ್ರದ ಬಳಿಯ ಸಣ್ಣ ಸಿಲಿಂಡರಿನೊಳಗೆ ತುಕ್ಕು ಹಿಡಿಸುತ್ತದೆ. ಪಿಸ್ಟನ್ನು ಹೊರಕ್ಕೆ ಬಂದದ್ದು ಒಳಕ್ಕೆ ಹೋಗದೆ ಅಲ್ಲೇ ಕೂರುತ್ತದೆ. ಶೂಗಳು ಡ್ರಮ್ಮನ್ನು ಅಪ್ಪಿಕೊಂಡೇ ಉಳಿಯುತ್ತವೆ. ಇದು ಯಾವ ಕಾರಿಗೂ ಬರಬಹುದಾದ ಬೇನೆ. ಎರಡನೆಯ ಕಾರಣ ಕ್ರೈಸ್ಲರ್ ವಂಶಕ್ಕೇ ವಿಶೇಷವಾದದ್ದು. ಮಾರಿಸ್ ಮೈನರಿನಂಥ ಕಾರುಗಳಲ್ಲಿ ಎರಡು ಸಣ್ಣ ಸ್ಕ್ರೂ ಬಿಚ್ಚಿ ಮೆಲ್ಲಗೆ ತಟ್ಟಿದರೆ ಡ್ರಮ್ಮು ಕೈಗೆ ಬರುತ್ತದೆ. ಈ ಕಾರುಗಳಲ್ಲಿ ಹಾಗಲ್ಲ. ಡ್ರಮ್ಮೂ ಹಬ್ಬೂ ಒಂದಾಗಿ ಬೆಸೆದಿರುತ್ತವೆ. ಹಬ್ಬು ಆಕ್ಸಲಿನ ತುದಿಯ ಮೇಲೆ ಕೂತಿರುತ್ತದೆ. ಆ ತುದಿ ಗುಂಡಾಗಿದ್ದರೂ ಹೊರಕ್ಕೆ ಹೋದಂತೆ ಸಣ್ಣಗಾಗುತ್ತದೆ. ಮೇಸ್ತ್ರಿಗಳ ಭಾಷೆಯಲ್ಲಿ ಟೇಪರು. ಗುದ್ದಲಿಯ ಕಣ್ಣಿಗೆ ಕಾವು ಬಿಗಿಯುವುದನ್ನು ಕಂಡವರಿಗೆ ಇದರ ಮರ್ಮ ತಿಳಿದೀತು. ನಟ್ಟು ಬಿಗಿದಷ್ಟೂ ಹಬ್ಬು ಟೇಪರಿನ ಮೇಲೆ ಏರಿ ಏರಿ ಕಚ್ಚಿಕೊಳ್ಳುತ್ತದೆ. ನಡುವೆ ಒಂದು ಕೀ, ಹೊರಗೆ ನಟ್ಟು, ನಟ್ಟು ಕಳಚದಂತೆ ಕಾಟರ್ ಪಿನ್ನು. ನಮ್ಮ ಎತ್ತಿನ ಗಾಡಿಯ ಕಡಾಣಿಯ ಕೆಲಸವೇ ಅದರದು. 1964ರ ಮಾದರಿಯವರೆಗೂ ಕ್ರೈಸ್ಲರಿನವರು ತಮ್ಮ ಕಾರುಗಳಲ್ಲಿ ಈ ಕ್ರಮವನ್ನು ಬಿಡಲಿಲ್ಲ. ಟೇಪರಿನ ಮೇಲೆ ಹಬ್ಬು ಕೂರಿಸುವ ಈ ಪದ್ಧತಿ ಆ ಕಾಲದ ಸಣ್ಣ ವಿಮಾನಗಳ ಎಂಜಿನುಗಳಲ್ಲೂ ಇತ್ತು. ಹಾಗಾಗಿ ಫಿಟ್ಟರಿನ ಮಗನಿಗೆ ಅದು ಹೊಸದಾಗಿ ಕಾಣಲಿಲ್ಲ.

ಕೆಲಸಕ್ಕೆ ಕೈ ಹಚ್ಚುವ ಮೊದಲೇ ಒಂದು ವಾದ ನಡೆಯಿತು. ಒಡೆಯರಿಗೆ ಅವಸರ. ದೊಡ್ಡ ಸುತ್ತಿಗೆಯಿಂದ ಡ್ರಮ್ಮಿನ ಅಂಚಿಗೆ ನಾಲ್ಕು ಬಾರಿಸಿ, ಅದಕ್ಕೂ ಬಾರದಿದ್ದರೆ ಗ್ಯಾಸ್ ಹಚ್ಚಿ ಕಾಯಿಸಿ ತೆಗೆಯಬಹುದಲ್ಲ ಎಂದು ಅವರ ಎಣಿಕೆ.

“ಹೊಡೆದ್ರೆ ಬರಲ್ಲ ಸಾರ್, ಒಡೀತದೆ,” ಎಂದ ಮೇಸ್ತ್ರಿ. “ಬೀಡು ಇದು, ಉಕ್ಕಲ್ಲ. ಒಂದು ಚೂರು ಹೋಯ್ತು ಅಂದ್ರೆ ಎಲ್ಲಿಂದ ತರ್ತೀರಾ?”

“ಕಾಯಿಸಿದರೆ?”

“ಒಳಗೆ ಸೀಲು, ಬೇರಿಂಗು, ಗ್ರೀಸು, ಆಯಿಲು. ಬೆಂಕಿ ಇಡೋದಾದ್ರೆ ನಾನು ಮನೆಗೆ ಹೋಗ್ತೀನಿ ಸಾರ್.”

ಅವನು ಮನೆಗೆ ಹೋಗಲಿಲ್ಲ, ಒಡೆಯರು ಸುಮ್ಮನಾದರು. ಅವನ ಮಾತಿನಲ್ಲಿದ್ದ ಲೆಕ್ಕಾಚಾರವನ್ನು ಓದುಗರು ಗಮನಿಸಬೇಕು. ಈ ಡ್ರಮ್ಮನ್ನು ಎರಕ ಹೊಯ್ದ ಅಚ್ಚು ಈಗ ಇಲ್ಲ. ಪ್ರೀಮಿಯರಿನವರು ಮುಂದೆ ಫಿಯಟ್ ಕಾರಿನ ಕಡೆಗೆ ತಿರುಗಿದರು. ಅದರ ವಂಶದ ಪದ್ಮಿನಿಯೂ ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ನಿಂತಿತು. ಒಂದು ಡ್ರಮ್ಮು ಸೀಳಿದರೆ ಇನ್ನೊಂದು ಸತ್ತ ಕಾರಿನಿಂದ ಬರಬೇಕು, ಇಲ್ಲವೆ ಸಮುದ್ರ ದಾಟಿ ಬರಬೇಕು. ಅದಕ್ಕೆ ಬೇಕಾದ ಹಣ, ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಒಂದು ಡ್ರಮ್ಮಿಗಾಗಿ ಇಡೀ ಕಾರು ಗುಜರಿಗೆ ಹೋದದ್ದುಂಟು.

ಮೊದಲು ನೆಲದ ಮೇಲೆ ನಿಂತಿರುವಾಗಲೇ ಆಕ್ಸಲಿನ ನಟ್ಟನ್ನು ಸಡಿಲಿಸಬೇಕು. ಮೇಲೆತ್ತಿದ ಮೇಲೆ ಅಷ್ಟು ಬಲ ಹಾಕುವುದು ಅಪಾಯ. ಕಾಟರ್ ಪಿನ್ನು ತೆಗೆದು, ಪಾನಾದ ಹಿಡಿಗೆ ಆಳುದ್ದದ ಪೈಪು ತೊಡಿಸಿ, ಇಬ್ಬರು ತೂಗಿದಾಗ ಕಿರ್ರೆಂದು ಅಲುಗಿತು. ಆಮೇಲೆ ಚಕ್ರದ ಬೋಲ್ಟುಗಳು. ಇಲ್ಲೊಂದು ಬಲೆಯಿದೆ. ಈ ಕಾರುಗಳ ಎಡಗಡೆಯ ಚಕ್ರಗಳ ಬೋಲ್ಟುಗಳಿಗೆ ಮರೆ ತಿರುವು ಎಡಮುರಿ. ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಚಕ್ರ ತಿರುಗುವ ದಿಕ್ಕಿನಿಂದಾಗಿ ಬೋಲ್ಟು ತಾನಾಗಿ ಸಡಿಲವಾಗಬಾರದೆಂದು ಹಾಗೆ ಮಾಡಿದ್ದರು. ತಿಳಿಯದವರು ಬಿಚ್ಚುತ್ತೇವೆಂದು ಬಿಗಿದು ಬಿಗಿದು ಬೋಲ್ಟಿನ ಕತ್ತು ಮುರಿಯುತ್ತಾರೆ. ಈ ಕಾರಿನಲ್ಲೂ ಐದರಲ್ಲಿ ಒಂದು ಬೋಲ್ಟು ಹೊಸತು. ಹಿಂದೆ ಯಾರೋ ಪಾಠ ಕಲಿತ ಗುರುತು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಈ ಕಾರುಗಳ ಹ್ಯಾಂಡ್ ಬ್ರೇಕು ಹಿಂಚಕ್ರಗಳಲ್ಲಿಲ್ಲ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದ ದಂಡದ ಮೇಲೆ ಒಂದು ಸಣ್ಣ ಬ್ರೇಕಿದೆ, ಅದನ್ನೇ ಹಿಡಿಯುತ್ತದೆ. ಎರಡು ಚಕ್ರವೂ ನೆಲದ ಮೇಲಿರುವ ತನಕ ಸರಿ. ಒಂದನ್ನು ಜಾಕಿಯಿಂದ ಎತ್ತಿದಿರೋ, ಡಿಫರೆನ್ಷಿಯಲ್ಲಿನ ಗುಣದಿಂದಾಗಿ ಎತ್ತಿದ ಚಕ್ರ ಒಂದು ಕಡೆಗೂ ನೆಲದ ಚಕ್ರ ಇನ್ನೊಂದು ಕಡೆಗೂ ತಿರುಗಲು ಸ್ವತಂತ್ರ. ಹ್ಯಾಂಡ್ ಬ್ರೇಕು ಪೂರ್ತಿ ಎಳೆದಿದ್ದರೂ ಕಾರು ಉರುಳಿ ಜಾಕಿಯಿಂದ ಕೆಳಗೆ ಬೀಳಬಹುದು. ಎತ್ತಿದ ಚಕ್ರ ಕಚ್ಚಿಕೊಂಡಿದೆಯಲ್ಲ, ಭಯವಿಲ್ಲ ಎಂದುಕೊಳ್ಳುವವರು ಅದನ್ನು ಬಿಡಿಸುವುದಕ್ಕೇ ತಾನೆ ಹೊರಟಿರುವುದು! ಮೇಸ್ತ್ರಿ ಮುಂಚಕ್ರಗಳ ಹಿಂದೂ ಮುಂದೂ ಸೈಜುಗಲ್ಲು ಕೊಟ್ಟು, ಆಕ್ಸಲಿನ ಎರಡು ಕಡೆಗೂ ಕಬ್ಬಿಣದ ಸ್ಟ್ಯಾಂಡು ಇಟ್ಟು, ಕಾರನ್ನು ಭುಜದಿಂದ ನೂಕಿ ನೋಡಿದ ಮೇಲೆಯೇ ಅದರ ಪಕ್ಕ ಕುಳಿತ.

ಶೂಗಳನ್ನು ಹಿಂದಕ್ಕೆ ಸರಿಸುವುದು ಮುಂದಿನ ಹೆಜ್ಜೆ. ಡ್ರಮ್ಮಿನ ಬೆನ್ನಿಗಿರುವ ತಗಡಿನಲ್ಲಿ ಶೂಗಳನ್ನು ಹೊಂದಿಸುವ ತಿರುಪುಗಳಿವೆ. ತುಕ್ಕು ತಿಂದಿದ್ದ ಅವಕ್ಕೆ ಹಿಂದಿನ ಸಂಜೆಯೇ ಎಣ್ಣೆ ಬಿಟ್ಟಿದ್ದ. ಅವನ್ನು ಸಡಿಲಿಸಿ, ಗಾಳಿ ತೆಗೆಯುವ ನಿಪ್ಪಲ್ಲನ್ನು ತೆರೆದಾಗ ಕೊಳವೆಯಲ್ಲಿ ನಿಂತಿದ್ದ ಒತ್ತಡ ಕಂದು ಬಣ್ಣದ ಹನಿಗಳಾಗಿ ಇಳಿಯಿತು. ಎಷ್ಟೋ ವರ್ಷಗಳ ಹಿಂದೆ ಯಾರೋ ತುಳಿದ ಪೆಡಲಿನ ಒತ್ತಡ ಅದು! ಹಬ್ಬು ಮಾತ್ರ ಮಿಸುಕಲಿಲ್ಲ.

ಆಗ ಹೊರಬಂದಿತು ಪುಲ್ಲರು. ಈ ಕೆಲಸಕ್ಕೆ ಪೇಟೆಯಲ್ಲಿ ಸಿಕ್ಕುವ ಕೊಕ್ಕೆಯ ಪುಲ್ಲರು ಆಗದು. ಅದು ಡ್ರಮ್ಮಿನ ಅಂಚನ್ನು ಹಿಡಿದೆಳೆದು ಸೊಟ್ಟ ಮಾಡುತ್ತದೆ. ಇದರ ತೋಳುಗಳು ಚಕ್ರದ ಬೋಲ್ಟುಗಳ ತೂತಿಗೇ ಬಿಗಿದುಕೊಳ್ಳುವಂಥವು. ನಡುವೆ ಹೆಬ್ಬೆರಳಿಗಿಂತ ದಪ್ಪವಾದ ತಿರುಪು, ಆಕ್ಸಲಿನ ತುದಿಗೆ ಒತ್ತುವಂತೆ. ಆಕ್ಸಲಿನ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಮರೆಯಷ್ಟು ಹಾಗೆಯೇ ಬಿಟ್ಟಿದ್ದ. ಕಾರಣ ಕೇಳಿದ್ದಕ್ಕೆ, “ಬರೋವಾಗ ಹೇಳಿ ಬರಲ್ಲ ಸಾರ್” ಎಂದ. ತಿರುಪನ್ನು ಬಿಗಿದು, ಅದರ ತಲೆಗೆ ಸುತ್ತಿಗೆಯಿಂದ ನೇರವಾಗಿ ಒಂದೇ ಏಟು, ಮತ್ತೆ ಕಾಲು ಸುತ್ತು ಬಿಗಿತ, ಮತ್ತೆ ಏಟು. ಏಟು ಡ್ರಮ್ಮಿಗಲ್ಲ, ತಿರುಪಿಗೆ ಎಂಬುದನ್ನು ನೆನಪಿಡಬೇಕು. ಮಧ್ಯಾಹ್ನದ ತನಕ ಹೀಗೇ ನಡೆಯಿತು. ಊಟಕ್ಕೆ ಎದ್ದ, ಬಂದು ಇನ್ನೂ ಕಾಲು ಸುತ್ತು, ಸಂಜೆ ಬಿಗಿದಿದ್ದ ಹಾಗೆಯೇ ಬಿಟ್ಟು ಮನೆಗೆ ಹೋದ. ನೋಡುವವರಿಗೆ ಬೇಸರವಾಗುವಂಥ ಕೆಲಸ. ಆದರೆ ರಾತ್ರಿಯೆಲ್ಲ ತಿರುಪು ತನ್ನ ಪಾಡಿಗೆ ತಾನು ಒತ್ತುತ್ತಲೇ ಇರುತ್ತದೆ, ಕೂಲಿ ಕೇಳುವುದಿಲ್ಲ.

ಮಾರನೆಯ ದಿನ ಹತ್ತು ಗಂಟೆಯ ಸುಮಾರಿಗೆ, ಮೂರನೆಯದೋ ನಾಲ್ಕನೆಯದೋ ಏಟಿಗೆ, ಕೋವಿ ಹಾರಿಸಿದಂತೆ ಸದ್ದಾಯಿತು. ಪಕ್ಕದ ಮಹಡಿಯ ಬಾಲ್ಕನಿಗೆ ಇಬ್ಬರು ಬಂದು ಇಣುಕಿದರು. ಹಬ್ಬು ಅಂಗುಲದಷ್ಟು ಮುಂದಕ್ಕೆ ಜಿಗಿದು, ಬಿಟ್ಟಿದ್ದ ನಟ್ಟಿಗೆ ಬಡಿದು ನಿಂತಿತ್ತು. ನಟ್ಟು ಇಲ್ಲದಿದ್ದರೆ ಡ್ರಮ್ಮು, ಪುಲ್ಲರು ಎರಡೂ ಮೇಸ್ತ್ರಿಯ ಮೊಣಕಾಲಿನ ಮೇಲಿರುತ್ತಿದ್ದುವು.

ಅದಾದ ಮೇಲೂ ಡ್ರಮ್ಮು ಸಲೀಸಾಗಿ ಹೊರಬರಲಿಲ್ಲ. ಲೈನಿಂಗು ಉಜ್ಜಿ ಉಜ್ಜಿ ಒಳಗೋಡೆ ಸವೆದು, ಸವೆಯದ ಅಂಚು ಒಂದು ಏಣಾಗಿ ಉಳಿದಿತ್ತು. ಶೂ ಆ ಏಣಿಗೆ ಸಿಕ್ಕಿಕೊಂಡಿತ್ತು. ತಿರುಪನ್ನು ಇನ್ನಷ್ಟು ಹಿಂದಕ್ಕೆ ತಿರುಗಿಸಿ, ಡ್ರಮ್ಮನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಮಗುವನ್ನು ತೊಟ್ಟಿಲಿಂದ ಎತ್ತುವವರ ಹಾಗೆ ಎರಡು ಕೈಯಿಂದ ಹೊರತೆಗೆದ. ಒಳಗೆ ಬೂದಿಬಣ್ಣದ ಪುಡಿ ಗುಪ್ಪೆಯಾಗಿ ಬಿದ್ದಿತ್ತು. ಹತ್ತಿರ ನಿಂತಿದ್ದ ಹುಡುಗ ಊದಿ ಹಾರಿಸಲು ಬಾಗಿದ. “ಲೇ, ಊದಬೇಡ!” ಎಂದು ಮೇಸ್ತ್ರಿ ಗದರಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ಬಟ್ಟೆಯನ್ನೂ ಚೀಲಕ್ಕೆ ಕಟ್ಟಿದ. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ದಶಕಗಳ ನಂತರ ಪ್ರಾಣ ತೆಗೆಯುತ್ತದೆಂದು ಈಗ ವೈದ್ಯರು ಹೇಳುತ್ತಾರೆ. ಹಿಂದಿನ ತಲೆಮಾರಿನ ಮೇಸ್ತ್ರಿಗಳು ಪಂಪಿನಿಂದ ಗಾಳಿ ಹೊಡೆದು ಊದುತ್ತಿದ್ದರು, ಪಾಪ.

ಡ್ರಮ್ಮಿನ ಒಳಗೋಡೆಯನ್ನು ಲೇತಿಗೆ ಕೊಟ್ಟು ನಯಮಾಡಿಸಬಹುದು. ಆದರೆ ಅದಕ್ಕೊಂದು ಮಿತಿ ಉಂಟು. ಹತ್ತು ಅಂಗುಲದ ಡ್ರಮ್ಮಿಗೆ ಒಟ್ಟು ಅರವತ್ತು ಥೌ, ಎಂದರೆ ಅಂಗುಲದ ಸಾವಿರದಲ್ಲಿ 60 ಭಾಗ, ಅಷ್ಟಕ್ಕಿಂತ ಹೆಚ್ಚು ಅಗಲಿಸಬಾರದೆಂದು ಕಸುಬಿನವರ ಲೆಕ್ಕ. ತೆಳುವಾದ ಡ್ರಮ್ಮು ಬಿಸಿಗೆ ಹಿಗ್ಗಿ ಬ್ರೇಕು ಹಿಡಿಯದಾಗುತ್ತದೆ. ಈ ಡ್ರಮ್ಮಿಗೆ ಇನ್ನೂ ಒಂದು ಬಾರಿ ಟರ್ನಿಂಗ್ ಮಾಡಿಸುವಷ್ಟು ಮಾಂಸವಿದೆ. ಸಿಲಿಂಡರಿಗೆ ಬೇಕಾದ ರಬ್ಬರ್ ಬಟ್ಟಲುಗಳಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿ ಸಾಲುಗಳನ್ನೂ ಸುತ್ತಬೇಕಾಯಿತು. ಗುಜರಿಯ ಮುದುಕರೊಬ್ಬರು ಹಳೆಯ ಬಟ್ಟಲನ್ನು ಬೆರಳ ಮೇಲಿಟ್ಟು ತಿರುಗಿಸಿ ನೋಡಿ, ಅಳತೆಗೋಲು ಮುಟ್ಟದೆಯೇ, ಯಾವ ಲಾರಿಯ ಬಟ್ಟಲು ಇದಕ್ಕೆ ಕೂರುತ್ತದೆಂದು ಹೇಳಿದರು. ಕೂತಿತು. ಅವರ ಮಕ್ಕಳು ಮೊಬೈಲ್ ಅಂಗಡಿ ಇಟ್ಟಿದ್ದಾರಂತೆ.

ಪುಲ್ಲರಿನ ವಿಚಾರ ಹೇಳುವುದು ಉಳಿಯಿತು. ಅದನ್ನು ಕೊಂಡದ್ದಲ್ಲ; ಮೇಸ್ತ್ರಿಯ ತಂದೆ ತಾವೇ ಅಳತೆ ಹಾಕಿ, ಒಳ್ಳೆಯ ಉಕ್ಕು ಹುಡುಕಿ ಮಾಡಿಸಿದ್ದು. ವಿಮಾನದ ಕಾರ್ಖಾನೆಯಲ್ಲಿ ಕಲಿತ ಕೈ, ಕಾರಿನ ಕಾರ್ಖಾನೆಯಿಲ್ಲದ ಊರಿನಲ್ಲಿ, ಆ ಊರಿಗೆ ಬರಬೇಕಾಗಿದ್ದ ಕಾರಿಗೆಂದೇ ಮಾಡಿಸಿದ ಸಾಧನ. ನಾನು ವಿಶ್ವೇಶ್ವರಯ್ಯನವರ ಯೋಜನೆಯ ಕಥೆ ಹೇಳಿದಾಗ ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, “ಇಲ್ಲೇ ಮಾಡಿದ್ರೆ ಸ್ಪೇರಾದ್ರೂ ಸಿಕ್ತಿತ್ತು” ಎಂದಷ್ಟೇ ಹೇಳಿದ. ರೆಸಿಡೆಂಟರ ಪತ್ರವ್ಯವಹಾರದ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಈ ಮಾತು ನನಗೆ ಹೆಚ್ಚು ಅರ್ಥವತ್ತಾಗಿ ತೋರಿತು. ಅವನಿಂದ ಈ ಕೆಲಸ ಕಲಿಯುತ್ತಿರುವ ಹುಡುಗ ಒಬ್ಬನೇ. ಅವನಿಗೂ ಈಗಿನ ಕಾರುಗಳ ಕಡೆಗೇ ಮನಸ್ಸು. ತಪ್ಪೆನ್ನಲಾಗದು, ಹೊಟ್ಟೆ ತುಂಬುವುದು ಅಲ್ಲಿಯೇ.

ಮತ್ತೆ ಜೋಡಿಸುವುದು ತೆಗೆದಷ್ಟು ಕಷ್ಟವಲ್ಲ, ಆದರೆ ಉದಾಸೀನ ಸಲ್ಲದು. ಟೇಪರಿಗೆ ಮುಂದಿನ ಬಾರಿ ಸುಲಭವಾಗಲೆಂದು ಗ್ರೀಸು ಬಳಿಯಬೇಕೆನ್ನಿಸುತ್ತದೆ, ಬಳಿಯಬಾರದು. ಎರಡು ಮೈಗಳೂ ಶುಚಿಯಾಗಿ ಒಣಗಿದ್ದು ಒಂದನ್ನೊಂದು ಕಚ್ಚಿದರೆ ಮಾತ್ರ ಎಂಜಿನಿನ ಬಲ ಚಕ್ರಕ್ಕೆ ಮುಟ್ಟುತ್ತದೆ. ಇಲ್ಲವಾದರೆ ಭಾರವೆಲ್ಲ ಆ ಸಣ್ಣ ಕೀಯ ಮೇಲೆ ಬಿದ್ದು ಅದು ಕತ್ತರಿಸಿ ಹೋಗುತ್ತದೆ. ಹಬ್ಬಿನ ಒಳಮೈ ಹಾಳಾಗುತ್ತದೆ. ಕೀ ಕೂರಿಸಿ, ಡ್ರಮ್ಮು ಏರಿಸಿ, ನಟ್ಟನ್ನು ಪೈಪು ಹಾಕಿ ಬಿಗಿದು, ಕಾಟರ್ ಪಿನ್ನಿನ ತೂತು ಸರಿಹೊಂದದಿದ್ದರೆ ಹಿಂದಕ್ಕೆ ತಿರುಗಿಸದೆ ಮುಂದಕ್ಕೇ ಬಿಗಿಯಬೇಕು. ಪಿನ್ನು ಹೊಸದೇ ಆಗಬೇಕು. ಹಳೆಯದನ್ನು ನೆಟ್ಟಗೆ ಮಾಡಿ ಹಾಕುವುದು ಸಲ್ಲದು. ನೂರು ಮೈಲಿ ಓಡಿದ ಮೇಲೆ ಪಿನ್ನು ತೆಗೆದು ನಟ್ಟನ್ನು ಮತ್ತೊಮ್ಮೆ ಬಿಗಿದು ನೋಡಬೇಕು.